ಫಾಗ್ ಲೈಟ್ ಬದಲಿಸಿದ ಭಾನುವಾರ

ನಮ್ಮ ಮನೆಯಲ್ಲಿ ಕಾರು ಓಡಿಸುವುದು ನನ್ನ ಹೆಂಡತಿ, ಹೆದರುವುದು ನಾನು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಈ ಹಂಚಿಕೆಯಲ್ಲಿ ಬದಲಾವಣೆಯಾಗಿಲ್ಲ. ಅವಳು ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಜಂಗಮಕೋಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಲೈಸೆನ್ಸ್ ನನ್ನ ಹತ್ತಿರವೂ ಇದೆ. ಅದನ್ನು ಪಡೆದ ಹೊಸತರಲ್ಲಿ ಒಂದು ಸಲ ಶಿಡ್ಲಘಟ್ಟದ ಬಸ್ ನಿಲ್ದಾಣದ ಮುಂದೆ ಎದುರಿಗೆ ಎಮ್ಮೆಯೊಂದು ಬಂತು. ನಾನು ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಅವಳು ಹ್ಯಾಂಡ್ ಬ್ರೇಕ್ ಎಳೆದಳು. ಎಮ್ಮೆ ತನ್ನ ಪಾಡಿಗೆ ತಾನು ಹೋಯಿತು. ಅವತ್ತಿನಿಂದ ಕಾರಿನ ಬೀಗದ ಕೈ ಅವಳ ಬ್ಯಾಗಿನಲ್ಲಿರುತ್ತದೆ.

ಇಂಥ ಪುಕ್ಕಲನಿಗೆ ಸ್ಪ್ಯಾನರ್ ಹಿಡಿಯುವ ಗೀಳು ಹೇಗೆ ಅಂಟಿತು ಎಂದು ಯಾರಾದರೂ ಕೇಳಬಹುದು. ಅದೂ ಹೆದರಿಕೆಯಿಂದಲೇ. ನನ್ನ ಹೆಂಡತಿ ಕೂರುವ ಗಾಡಿಯ ನಟ್ಟನ್ನು ಬೇರೆ ಯಾರೋ ಫೋನಿನಲ್ಲಿ ಮಾತಾಡುತ್ತಾ ತಿರುಗಿಸಿದರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾಗಿ ಆಯಿಲ್ ಬದಲಿಸುವುದು, ಬಲ್ಬ್ ಹಾಕುವುದು, ಬ್ರೇಕಿನ ಸದ್ದು ಕೇಳುವುದು ಎಲ್ಲ ನಾನೇ. ಮಾಡಿದ ಮೇಲೂ ನಿದ್ದೆ ಬರುವುದಿಲ್ಲ, ಆ ಮಾತು ಬೇರೆ.

ನಾನು ಹೇಳಹೊರಟಿರುವುದು ಮೊನ್ನೆ ಮೊನ್ನೆಯ ಒಂದು ಡಿಸೆಂಬರಿನ ನಾಲ್ಕು ದಿನಗಳ ವಿಷಯ. ಆ ತಿಂಗಳಲ್ಲಿ ನಮ್ಮ ಕಡೆ ಬೆಳಗಿನ ಮಂಜು ಹೇಗಿರುತ್ತದೆಂದರೆ, ಅಂಗಳದಲ್ಲಿ ನಿಂತರೆ ಎದುರು ಮನೆ ಇರುವುದಿಲ್ಲ. ಎಂಟೂವರೆಗೆ ನಿಧಾನವಾಗಿ ಮನೆ ವಾಪಸ್ಸು ಬರುತ್ತದೆ. ಅದೇ ತಿಂಗಳಲ್ಲಿ ರಾಗಿ ಒಕ್ಕಣೆಯೂ ನಡೆಯುತ್ತದೆ. ಈಗ ಹೊಲದಲ್ಲಿ ನೆಲ ಸಾರಿಸಿ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯ ಒಂದು ಮಗ್ಗುಲಲ್ಲಿ ರಾಗಿ ಹರಡಿಬಿಟ್ಟರೆ ಹೋಗಿಬರುವ ಗಾಡಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಸಂಜೆ ಎಲ್ಲವನ್ನೂ ರಾಶಿ ಮಾಡಿ, ಟಾರ್ಪಾಲು ಹೊದಿಸಿ, ಸುತ್ತ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಗಾಡಿಗಳು ರಾಶಿಯ ಮೇಲೆ ಹತ್ತದಿರಲಿ ಎಂದು. ಯಾರೂ ಇದನ್ನು ತಪ್ಪು ಎಂದುಕೊಂಡಿಲ್ಲ. ತಪ್ಪು ಎನ್ನುವವಳು ನಮ್ಮೂರಿನಲ್ಲಿ ನನ್ನ ಹೆಂಡತಿ ಒಬ್ಬಳೇ.

"ಕ್ಯಾಷುಯಾಲ್ಟಿಗೆ ಬಂದು ನೋಡಿ ಒಂದಿನ. ಕಣದ ಕಲ್ಲಿಗೆ ಬೈಕ್ ಹೊಡ್ಕೊಂಡು ಬಂದಿರೋರ ಮುಖ ನೋಡಿದ್ರೆ ನಿಮಗೆ ರಾಗಿ ಮುದ್ದೆ ಗಂಟಲಲ್ಲಿ ಇಳಿಯಲ್ಲ," ಎಂದು ಅವಳು ಪ್ರತಿ ವರ್ಷ ಹೇಳುತ್ತಾಳೆ. ನಮ್ಮದು ಒಂದೂವರೆ ಎಕರೆ ರಾಗಿ. ಈ ಸಲ ಹೊಲದಲ್ಲೇ ಒಕ್ಕಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಆದರೆ ಆ ಶುಕ್ರವಾರ ಮೋಡ ಕವಿದುಬಿಟ್ಟಿತು. ಕಟಾವಾದ ರಾಗಿ ಮಳೆಗೆ ಸಿಕ್ಕರೆ ಕಪ್ಪಾಗುತ್ತದೆ, ಮೊಳಕೆಯೊಡೆಯುತ್ತದೆ. ರಸ್ತೆಯಲ್ಲಾದರೆ ಒಂದೇ ದಿನದಲ್ಲಿ ಒಕ್ಕಣೆ ಮುಗಿಯುತ್ತದೆ. ಶಾಲೆಗೆ ರಜೆ ಹಾಕಿ, ಇಬ್ಬರು ಕೂಲಿಯವರನ್ನು ಕರೆದುಕೊಂಡು, ಕೆರೆ ಏರಿ ದಾಟಿದ ಮೇಲೆ ಬರುವ ಬೇವಿನ ಮರದ ಹತ್ತಿರ ರಸ್ತೆಯ ಮೇಲೆ ರಾಗಿ ಹರಡಿಸಿದೆ. ಅಲ್ಲೇ ಪಕ್ಕದಲ್ಲಿ ನಮ್ಮೂರಿನ ಒಬ್ಬ ಅಜ್ಜಿಯ ಕಣವೂ ಇತ್ತು. ಅರ್ಧ ಎಕರೆಯ ಒಡತಿ, ಒಂಟಿ ಜೀವ, ಬಾಯಿ ಜೋರು, ಮಾತಿನಲ್ಲಿ ಅರ್ಧ ತೆಲುಗು. ನಾನು ಸಂಜೆ ರಾಶಿಗೆ ಟಾರ್ಪಾಲು ಹೊದಿಸಿ ಸುಮ್ಮನೆ ನಿಂತಿದ್ದನ್ನು ನೋಡಿ ಅವರೇ ಕೂಗಿ ಹೇಳಿದರು.

"ಕಲ್ಲು ಇಡಪ್ಪಾ ಮೇಷ್ಟ್ರೇ, ಕಲ್ಲು! ಇಲ್ದಿದ್ರೆ ಹಾಲಿನ ಗಾಡಿಯೋನು ಹೊತ್ತಾರೆನೇ ಬಂದು ರಾಶಿ ಮೇಲೇ ಹತ್ತಿಸಿಬಿಡ್ತಾನೆ. ವಾಡಿಕಿ ಮಂಜಲ್ಲಿ ಕಣ್ಣು ಕಾಣ್ಸಲ್ಲ."

ಹಾಲಿನ ಗಾಡಿ ಎಂದ ಕೂಡಲೇ ನನಗೆ ಇನ್ನೊಂದು ಹೆದರಿಕೆ ಹಿಡಿಯಿತು. ಕೂಲಿಯವರಿಗಿಂತ ಮೊದಲೇ ನಾನು ಬದುವಿನಿಂದ ಕಲ್ಲು ಹೊತ್ತು ತಂದೆ. ಒಂದಿಷ್ಟು ದೊಡ್ಡವೇ ಇರಲಿ ಎಂದು ಆರಿಸಿ ಇಟ್ಟೆ. ಆ ರಸ್ತೆಯಲ್ಲಿ ಆಗ ಐದಾರು ಕಣಗಳಿದ್ದವು. ಟಾರ್ಪಾಲು ಹೊದ್ದ ಮೇಲೆ ಯಾವುದು ಯಾರದ್ದೆಂದು ತಿಳಿಯುವಂತಿರಲಿಲ್ಲ. ಕತ್ತಲಾಗುವಾಗ ಅದೇ ದಾರಿಯಲ್ಲಿ ಮನೆಗೆ ಬಂದ ಹೆಂಡತಿ, "ನಮ್ಮದು ಹೊಲದಲ್ಲೇ ತಾನೇ?" ಎಂದಳು. ನಾನು ಹೂಂ ಎಂದೆ.

ಶನಿವಾರ ಬೆಳಿಗ್ಗೆ ಆರಕ್ಕೆ ಅವಳು ಹೊರಟಳು. ನಾನು ಎಂದಿನಂತೆ ಗೇಟಿನ ಹತ್ತಿರ ನಿಂತು ಕಾರಿನ ಕೆಂಪು ಲೈಟು ಮಂಜಿನಲ್ಲಿ ಮುಳುಗುವವರೆಗೂ ನೋಡಿದೆ. ಒಳಗೆ ಬಂದು ಕಾಫಿಗೆ ನೀರಿಡುವಷ್ಟರಲ್ಲಿ ಫೋನ್ ಬಂತು. ಡ್ರೈವ್ ಮಾಡುವಾಗ ಅವಳು ಫೋನ್ ಮುಟ್ಟುವುದಿಲ್ಲ. ಪರದೆಯ ಮೇಲೆ ಅವಳದೇ ಹೆಸರು.

"ನನಗೇನೂ ಆಗಿಲ್ಲ, ಮೊದಲು ಉಸಿರು ಬಿಡಿ," ಎಂದಳು. ನನ್ನನ್ನು ಬಲ್ಲವಳು. "ಕಲ್ಲಿಗೆ ಹೊಡೆದೆ ರೀ. ಬೇವಿನ ಮರದ ಹತ್ರ ಯಾವನೋ ಪುಣ್ಯಾತ್ಮ ರಾಗಿ ಹಾಕಿ ದಪ್ಪ ದಪ್ಪ ಕಲ್ಲು ಇಟ್ಟಿದಾನೆ. ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಎಳೆದುಕೊಂಡೆ, ಇಲ್ದಿದ್ರೆ ಚಕ್ರ ಹತ್ತಿ ಕಾರು ಮಗುಚಿಕೊಳ್ತಿತ್ತು. ಎಡಗಡೆ ಫಾಗ್ ಲೈಟು ಪುಡಿಪುಡಿ. ನಾನು ಡ್ಯೂಟಿಗೆ ಹೋಗ್ತಿದೀನಿ, ನಿಧಾನಕ್ಕೆ."

ಬೇವಿನ ಮರ ಎಂದ ಮೇಲೆ ಮುಂದಿನ ಮಾತು ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ಅಲ್ಲಿ ಮೊದಲು ಸಿಗುವ ಕಣ ನಮ್ಮದು. ಆ ದಪ್ಪ ದಪ್ಪ ಕಲ್ಲುಗಳನ್ನು ಹೊಟ್ಟೆಗೆ ಆನಿಸಿಕೊಂಡು ಹೊತ್ತು ತಂದವನು ನಾನು. "ಹುಷಾರಾಗಿ ಹೋಗು ಕಣೇ" ಎಂದು ಮಾತ್ರ ಹೇಳಿದೆ. ಒಲೆಯ ಮೇಲೆ ನೀರು ಕುದಿದು ಕುದಿದು ಪಾತ್ರೆಯ ತಳ ಕಾಣುವವರೆಗೂ ಹಾಗೇ ನಿಂತಿದ್ದೆ.

ಅವತ್ತು ಶಾಲೆ ಅರ್ಧ ದಿನ. ಮಧ್ಯಾಹ್ನ ನೇರವಾಗಿ ಚಿಂತಾಮಣಿ ಬಸ್ಸು ಹತ್ತಿದೆ. ಅಲ್ಲಿ ನನಗೆ ಗೊತ್ತಿರುವ ಸ್ಪೇರ್ ಪಾರ್ಟ್ಸ್ ಅಂಗಡಿಯಿದೆ. ಅಂಗಡಿಯವರು ಡಬ್ಬ ತೆಗೆಯುತ್ತಾ, "ಎಡಗಡೇದು ಒಂದೇ ಸಾಕಾ ಸರ್?" ಎಂದರು. ಬಲಗಡೆಯ ದೀಪದ ಒಳಗೂ ನೀರು ಸೇರಿ ಮಬ್ಬಾಗಿತ್ತು. ಜೋಡಿಯೇ ಕೊಡಿ ಎಂದೆ. "ಬಿಳಿ ಬೇಕಾ, ಹಳದಿ ಬೇಕಾ?" ಎಂದರು. ಮಂಜಿಗೆ ಯಾವುದು ಒಳ್ಳೆಯದು ಎಂದು ನಾನು ಕೇಳಿದ ರೀತಿ ನೋಡಿ ಅವರು ಡಬ್ಬ ಕೆಳಗಿಟ್ಟು ನನ್ನ ಮುಖ ನೋಡಿದರು. "ಬಣ್ಣಕ್ಕಿಂತ ಕೂರಿಸೋದು ಮುಖ್ಯ ಸರ್. ಲೈಟು ಕೆಳಗೆ ಬೀಳ್ಬೇಕು, ನೆಲ ತೋರಿಸ್ಬೇಕು. ಮೇಲೆ ಎತ್ತಿದ್ರೆ ಮಂಜಿಗೆ ಹೊಡೆದು ವಾಪಸ್ ಕಣ್ಣಿಗೇ ಬರುತ್ತೆ," ಎಂದು ಬಿಡಿಸಿ ಹೇಳಿದರು. ಹಳದಿಯನ್ನೇ ತೆಗೆದುಕೊಂಡೆ.

ಸಂಜೆ ಮುಖ್ಯರಸ್ತೆಯಲ್ಲಿ ಬಸ್ಸಿಳಿದು ನಡೆದು ಬಂದೆ. ಬೇವಿನ ಮರದ ಹತ್ತಿರ ನಾನಿಟ್ಟ ಮೊದಲನೇ ಕಲ್ಲು ಎರಡು ಮಾರು ದೂರ ಉರುಳಿತ್ತು. ಅದರ ಅಂಚಿಗೆ ನಮ್ಮ ಕಾರಿನ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಗಾಜಿನ ಚೂರುಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ. ಕಲ್ಲು ತೆಗೆಯೋಣವೆಂದರೆ ರಾಶಿ ಇನ್ನೂ ಅಲ್ಲೇ ಇತ್ತು. ಅಜ್ಜಿ ಬೇರೆ ದೂರದಲ್ಲಿ ಮೊರ ಹಿಡಿದು ತೂರುತ್ತಿದ್ದರು. ಯಾರಾದರೂ ನೋಡಿ "ಮೇಷ್ಟ್ರ ಕಲ್ಲಿಗೆ ಮೇಷ್ಟ್ರ ಹೆಂಡ್ತೀನೇ ಹೊಡೆದ್ರಂತೆ" ಎಂದು ಊರಲ್ಲಿ ಹಬ್ಬಿಸಿದರೆ ಏನು ಗತಿ ಎಂದು ತಲೆ ತಗ್ಗಿಸಿಕೊಂಡು ಮನೆ ಸೇರಿದೆ. ಅಜ್ಜಿ ಮಾತಾಡಿಸಿದರೂ ಕೇಳಿಸದವನಂತೆ ಬಂದೆ.

ಮನೆಯಲ್ಲಿ ಅವಳು ಕಾರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬಂಪರಿನ ತೂತು ತೋರಿಸಿದಳು. ದೀಪ ಇದ್ದ ಜಾಗದಲ್ಲಿ ಕಪ್ಪು ಗುಂಡಿ, ಅದರಿಂದ ನೇತಾಡುವ ತಂತಿ. ಅವಳ ಹಣೆಯ ಬಲಗಡೆ ಊದಿ ಸಣ್ಣ ಬೋರೆ ಎದ್ದಿತ್ತು. ಕಿಟಕಿಗೆ ತಾಗಿತ್ತಂತೆ, ಬೆಳಿಗ್ಗೆ ಫೋನಿನಲ್ಲಿ ಅದನ್ನು ಹೇಳಿರಲಿಲ್ಲ.

"ಆ ಕಲ್ಲಿಟ್ಟವನು ಕೈಗೆ ಸಿಗ್ಲಿ, ಅವನಿಗೆ ಇದೆ," ಎಂದಳು. "ಸೋಮವಾರ ಮತ್ತೆ ಬೆಳಗಿನ ಪಾಳಿ ರೀ. ಅಷ್ಟರಲ್ಲಿ ಆಗುತ್ತಾ? ಆಗಲ್ಲ ಅಂದ್ರೆ ಲೈಟಿಲ್ದೇ ಹೋಗ್ತೀನಿ ಬಿಡಿ."

ಲೈಟಿಲ್ಲದೇ ಹೋಗುತ್ತೇನೆ ಎಂಬ ಮಾತು ರಾತ್ರಿಯಿಡೀ ನನ್ನ ಕಿವಿಯಲ್ಲಿತ್ತು. ನಮ್ಮೂರಿನ ಮೊದಲ ಬಸ್ಸು ಎಂಟಕ್ಕೆ, ಅವಳ ಪಾಳಿಯೂ ಎಂಟಕ್ಕೆ. ಹೆಡ್‌ಲೈಟ್ ಹಾಕಿದರೆ ಮಂಜಿನಲ್ಲಿ ಕಣ್ಣ ಮುಂದೆ ಬಿಳಿ ಗೋಡೆ ಕಟ್ಟಿದಂತಾಗುತ್ತದೆಂದು ಅವಳೇ ಎಷ್ಟೋ ಸಲ ಹೇಳಿದ್ದಾಳೆ. ಭಾನುವಾರದೊಳಗೆ ಈ ಎರಡು ದೀಪ ಸರಿಯಾಗಿ ಕೂರದಿದ್ದರೆ ಸೋಮವಾರ ಏನಾಗಬಹುದು ಎಂಬುದನ್ನು ನಾನು ಒಂದೊಂದಾಗಿ ಕಲ್ಪಿಸಿಕೊಂಡೆ. ಈ ವಿಷಯದಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಭಾನುವಾರ ತಿಂಡಿ ತಿಂದು ಕೂತೆ. ಮೊದಲು ಬ್ಯಾಟರಿಯ ನೆಗೆಟಿವ್ ವೈರನ್ನು ಹತ್ತರ ಸ್ಪ್ಯಾನರಿನಲ್ಲಿ ಬಿಚ್ಚಿ ಪಕ್ಕಕ್ಕಿಟ್ಟೆ. ಫೋನಿನ ವಿಡಿಯೋದಲ್ಲಿ ಯಾರೋ ಒಬ್ಬ, ಬಿಚ್ಚಿದ ಮೇಲೆ ಹತ್ತು ನಿಮಿಷ ಸುಮ್ಮನಿರಿ, ಇಲ್ಲದಿದ್ದರೆ ಏರ್‌ಬ್ಯಾಗಿಗೆ ತೊಂದರೆ ಎಂದಿದ್ದ. ನಾನು ಅರ್ಧ ಗಂಟೆ ಸುಮ್ಮನಿದ್ದೆ. ಆಮೇಲೆ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ. ಹಾಗೆ ಮಾಡಿದರೆ ಎಡಗಡೆ ಚಕ್ರದ ಮುಂಭಾಗದ ಸಂದಿ ತೆರೆದುಕೊಂಡು ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳು ಕೈಗೆ ಸಿಗುತ್ತವೆ. ಅದನ್ನು ಮಡಿಸಿ ಒಳಗೆ ಕೈ ಹಾಕಿದರೆ ಫಾಗ್ ಲೈಟಿನ ಹಿಂಭಾಗ.

ಬಾಯಲ್ಲಿ ಹೇಳಿದಷ್ಟು ಸುಲಭವಾಗಿರಲಿಲ್ಲ. ಸಂದಿ ಸಾಲದೆ ಕಡೆಗೆ ಜಾಕ್ ಹಾಕಲೇಬೇಕಾಯಿತು. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕುವುದೆಂದರೆ ನನಗೆ ಜೀವ ಹೋದಷ್ಟು ಭಯ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ, ಹಿಂದಿನ ಎರಡೂ ಚಕ್ರಕ್ಕೆ ಮರದ ತುಂಡು ಒಡ್ಡಿ, ಪಕ್ಕದಲ್ಲಿ ಸ್ಟೆಪ್ನಿ ಟೈರನ್ನೂ ಕೆಳಗೆ ತಳ್ಳಿದೆ, ಕಾರು ಬಿದ್ದರೂ ಟೈರಿನ ಮೇಲೆ ಬೀಳಲಿ ಎಂದು. ಆಮೇಲೂ ತಲೆಯನ್ನು ಹೊರಗಿಟ್ಟು ಕೈ ಮಾತ್ರ ಒಳಗೆ ಹಾಕಿದೆ.

ಬಂಪರಿನ ಒಳಗೆ ಕತ್ತಲೆ. ಏನೂ ಕಾಣದೆ ಬೆರಳಿನಿಂದಲೇ ತಡಕಾಡಬೇಕು. ಮೊದಲು ಸಿಕ್ಕಿದ್ದು ತಣ್ಣಗಿನ ಕಬ್ಬಿಣ, ಆಮೇಲೆ ಒಂದು ಪೈಪು, ಆಮೇಲೆ ಏನೋ ಮೆತ್ತಗೆ, ಕುರುಚಲಾಗಿ, ಮುಟ್ಟಿದರೆ ಸರಸರ ಎಂದಿತು. ನಾನು ಕಿರುಚಿ ಕೈ ಎಳೆದುಕೊಂಡ ರಭಸಕ್ಕೆ ಮೊಣಕೈಯ ಚರ್ಮ ಕಿತ್ತುಬಂತು. ಒಳಗೆ ಹಾವೋ ಚೇಳೋ ಸೇರಿದೆ ಎಂದೇ ಅಂದುಕೊಂಡೆ. ಅಡುಗೆಮನೆಯಿಂದ ಅವಳು ಓಡಿ ಬಂದಳು. ಇಕ್ಕಳದಲ್ಲಿ ಹಿಡಿದು ಎಳೆದಾಗ ಬಂದದ್ದು ಒಂದು ಹಿಡಿ ರಾಗಿ ಹುಲ್ಲು, ತೆನೆ ಸಮೇತ. ತೆನೆಗಳು ನನ್ನ ಅಂಗೈಯಲ್ಲಿ ಕಾಳು ಉದುರಿಸಿದವು.

"ಅದೇನ್ರೀ?"

"ಹುಲ್ಲು."

"ಹುಲ್ಲಿಗೆ ಹಿಂಗೆ ಕಿರುಚಿಕೊಂಡ್ರಾ!" ಎಂದು ನಕ್ಕು ಒಳಗೆ ಹೋದಳು. ನಾನೂ ನಗಬೇಕೆಂದುಕೊಂಡೆ, ಆಗಲಿಲ್ಲ. ಅದು ನಮ್ಮದೇ ರಾಗಿ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅವಳು ಬೈಯುತ್ತಿದ್ದಳು, ಒಂದೆರಡು ದಿನ ಮಾತು ಬಿಡುತ್ತಿದ್ದಳು, ಅಷ್ಟೇ. ಆದರೆ ಆ ಬೋರೆ ಎದ್ದ ಹಣೆ ನೋಡಿಕೊಂಡು, ಅದು ನನ್ನ ಕಲ್ಲು ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಕಾಳನ್ನು ಜೇಬಿಗೆ ಹಾಕಿಕೊಂಡೆ.

ಕನೆಕ್ಟರಿನ ಕಿವಿ ಒತ್ತಿ ಹಿಡಿದು ಎಳೆದರೆ ತಂತಿ ಬಿಟ್ಟುಕೊಳ್ಳುತ್ತದೆ. ನನ್ನ ಬೆವರುಗೈಗೆ ಅದು ಜಾರಿ ಜಾರಿ ಇಪ್ಪತ್ತು ನಿಮಿಷ ಹಿಡಿಯಿತು. ಒಡೆದ ದೀಪದ ಮೂರು ಸ್ಕ್ರೂಗಳಲ್ಲಿ ಎರಡು ಬಂದವು. ಮೂರನೆಯದರ ತಲೆ ಸವೆದುಹೋಗಿತ್ತು. ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು, ಊಟ ಮಾಡಿ ಬಂದು, ಇಕ್ಕಳದಲ್ಲಿ ಕಚ್ಚಿ ತಿರುಗಿಸಿದೆ. ಹೊಸ ದೀಪ ಕೂರಿಸಿ ಮೂರೂ ಸ್ಕ್ರೂ ಬಿಗಿಸಿ, ಕನೆಕ್ಟರ್ ಒತ್ತಿದಾಗ ಟಕ್ ಎಂದಿತು. ಟಕ್ ಎಂದಿದ್ದು ನಿಜವೇ ಎಂದು ಅನುಮಾನವಾಗಿ ಮತ್ತೆ ಬಿಚ್ಚಿ ಮತ್ತೆ ಒತ್ತಿದೆ. ಬಲಗಡೆಯದು ಬೇಗ ಮುಗಿಯಿತು. ಬ್ಯಾಟರಿ ಜೋಡಿಸಿ ಸ್ವಿಚ್ ಹಾಕಿದೆ. ಎರಡೂ ಹತ್ತಿಕೊಂಡವು.

ಬೆಳಕು ಇಳಿಯುವ ಹೊತ್ತಿಗೆ ಕಾರನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿದಳು. ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗಣಿತದ ಮೇಷ್ಟ್ರಾದದ್ದಕ್ಕೆ ಅಷ್ಟಾದರೂ ಉಪಯೋಗ. ದೀಪದ ಬದಿಯ ಸಣ್ಣ ಸ್ಕ್ರೂ ತಿರುಗಿಸುತ್ತಾ ಹಳದಿ ಬೆಳಕಿನ ಮೇಲಂಚು ಆ ಗೆರೆಗಿಂತ ಮೂರು ಬೆರಳು ಕೆಳಗೆ ಬರುವಂತೆ ಮಾಡಿದೆ. ಅವಳು "ಸಾಕು ರೀ, ಚೆನ್ನಾಗಿದೆ" ಎಂದು ನಾಲ್ಕು ಸಲ ಹೇಳಿದ ಮೇಲೂ ಹನ್ನೊಂದು ಸಲ ನೋಡಿದೆ.

ದೀಪವೇನೋ ಕೂತಿತು. ಆದರೆ ನನ್ನ ತಲೆಯಲ್ಲಿ ಈಗ ಕಲ್ಲುಗಳು ಎದ್ದು ಕೂತವು. ಮಧ್ಯಾಹ್ನವೇ ಕೂಲಿಯವರು ನಮ್ಮ ರಾಗಿಯನ್ನು ಚೀಲಕ್ಕೆ ತುಂಬಿ ಹೊಲದ ಶೆಡ್ಡಿಗೆ ಸಾಗಿಸಿದ್ದರು. ರಾಶಿ ಹೋದ ಮೇಲೂ ಕಲ್ಲುಗಳನ್ನು ಯಾರೂ ತೆಗೆಯುವುದಿಲ್ಲ. ಅದು ನಮ್ಮ ಕಡೆಯ ಇನ್ನೊಂದು ಅಭ್ಯಾಸ. ಬೆಳಿಗ್ಗೆ ಅವಳು ಅದೇ ದಾರಿಯಲ್ಲಿ ಹೋಗಬೇಕು. ಒಂದು ಸುತ್ತು ನಡೆದು ಬರುತ್ತೇನೆಂದು ಹೇಳಿ ಹೊರಟೆ.

ಬೇವಿನ ಮರದ ಹತ್ತಿರ ಯಾರೂ ಇರಲಿಲ್ಲ. ನಮ್ಮ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ರಸ್ತೆ ಪಕ್ಕದ ಆಳವಾದ ಕಾಲುವೆಗೆ ಎಸೆದೆ. ಅವು ಮುಗಿದ ಮೇಲೆ ಅಲ್ಲಿಂದಲೇ ಅಜ್ಜಿಯ ಕಲ್ಲುಗಳ ಸಾಲು ಶುರುವಾಗುತ್ತಿತ್ತು. ಅವರ ರಾಶಿ ಇನ್ನೂ ಇತ್ತು, ಟಾರ್ಪಾಲು ಹೊದ್ದುಕೊಂಡು. ನಾನು ಒಂದು ಗಳಿಗೆ ನಿಂತೆ. ರಾಶಿಗೆ ಕಾರು ತಾಗಿದರೆ ಏನೂ ಆಗುವುದಿಲ್ಲ, ಅದು ಮೆತ್ತಗಿರುತ್ತದೆ, ಕಲ್ಲಿಗೆ ತಾಗಿದರೆ ಮಾತ್ರ ಮಗುಚುತ್ತದೆ. ಹೀಗೆ ಲೆಕ್ಕ ಹಾಕಿದೆ. ನನ್ನ ಹೆದರಿಕೆಗೆ ಆಗ ಕಾಣುತ್ತಿದ್ದದ್ದು ಒಂದೇ ಕಾರು, ಅದರೊಳಗಿನ ಒಬ್ಬಳೇ ಹೆಂಗಸು. ಅಜ್ಜಿಯ ಕಲ್ಲುಗಳನ್ನೂ ಎತ್ತಿ ಕಾಲುವೆಗೆ ಹಾಕಿದೆ. ಒಂದೂ ಬಿಡಲಿಲ್ಲ. ಸೊಂಟ ಹಿಡಿದುಕೊಂಡರೂ ಮನಸ್ಸು ಹಗುರವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಬೆಳಿಗ್ಗೆ ಮಂಜು ಶನಿವಾರಕ್ಕಿಂತ ದಟ್ಟವಾಗಿತ್ತು. ನಾನೂ ಬರುತ್ತೇನೆ, ಮುಖ್ಯರಸ್ತೆಯವರೆಗೆ ಲೈಟು ಹೇಗೆ ಬೀಳುತ್ತದೆಂದು ನೋಡಿ ಇಳಿದುಕೊಳ್ಳುತ್ತೇನೆ ಎಂದೆ. ಅವಳು ಆಶ್ಚರ್ಯದಿಂದ ನೋಡಿದಳು. ಮಂಜಿನಲ್ಲಿ ಮುಂದಿನ ಸೀಟಿನಲ್ಲಿ ಕೂರುವ ಸಾಹಸ ನಾನು ಅದುವರೆಗೂ ಮಾಡಿರಲಿಲ್ಲ.

ಹೆಡ್‌ಲೈಟ್ ಆರಿಸಿ ಫಾಗ್ ಲೈಟ್ ಮಾತ್ರ ಹಾಕಿದಳು. ಹಳದಿ ಬೆಳಕು ನೆಲಕ್ಕೆ ಅಂಟಿಕೊಂಡು ಅಗಲವಾಗಿ ಹರಡಿತು. ಮೇಲೆಲ್ಲ ಬಿಳಿ, ಕೆಳಗೆ ಮಾತ್ರ ಹತ್ತು ಹನ್ನೆರಡು ಹೆಜ್ಜೆಯಷ್ಟು ಡಾಂಬರು, ರಸ್ತೆಯ ಅಂಚು, ಅಂಚಿನ ಹುಲ್ಲು. "ಎಷ್ಟು ಚೆನ್ನಾಗಿ ಕಾಣ್ತಿದೆ ರೀ," ಎಂದಳು. ನಾನು ಬಾಗಿಲಿನ ಹಿಡಿ ಬಿಗಿಯಾಗಿ ಹಿಡಿದುಕೊಂಡೇ ಹೂಂಗುಟ್ಟಿದೆ. ಕೆರೆ ಏರಿ ದಾಟಿದೆವು. ಬೇವಿನ ಮರ ಹತ್ತಿರ ಬಂದಾಗ, ಇಲ್ಲಿ ಇನ್ನು ಕಲ್ಲಿಲ್ಲ ಎಂದು ನನ್ನ ಪಾಡಿಗೆ ನಾನು ಸಮಾಧಾನ ಮಾಡಿಕೊಂಡೆ. ಅವಳೂ ಅಲ್ಲಿ ಕಲ್ಲು ಕಾಣದ್ದರಿಂದ ಕಾಲನ್ನು ಬ್ರೇಕಿನಿಂದ ತೆಗೆದಳೇನೋ, ಕಾರು ಸ್ವಲ್ಪ ವೇಗ ಹಿಡಿಯಿತು.

ಮೊದಲು ಕಂಡದ್ದು ಎರಡು ಪಾದ. ರಬ್ಬರ್ ಚಪ್ಪಲಿ ಹಾಕಿದ್ದ ಎರಡು ಒಣಗಿದ ಪಾದ, ಡಾಂಬರಿನ ಮೇಲೆ ನಮ್ಮ ಕಡೆಗೆ ಚಾಚಿಕೊಂಡಿದ್ದವು. ಅವುಗಳ ಮೇಲೆ ಏನಿದೆಯೆಂದು ಮಂಜಿನಲ್ಲಿ ಕಾಣುತ್ತಿರಲಿಲ್ಲ. ಅವಳು ಬ್ರೇಕ್ ಒತ್ತಿದಳು. ಕಾರು ಜಾರಿ, ಅಡ್ಡವಾಗಿ, ನಿಂತಿತು. ಬಂಪರಿಗೂ ಆ ಚಪ್ಪಲಿಗೂ ನಡುವೆ ಒಂದು ಗೇಣು ಇತ್ತೋ ಇಲ್ಲವೋ.

ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಅವಳು ಆಗಲೇ ಇಳಿದು ಓಡಿದ್ದಳು. ಇಳಿದು ನೋಡಿದರೆ, ಮೈತುಂಬ ಕಪ್ಪು ಕಂಬಳಿ ಹೊದ್ದು, ರಾಶಿಗೆ ಬೆನ್ನು ಕೊಟ್ಟು, ರಸ್ತೆಗೆ ಕಾಲು ಚಾಚಿ ಅಜ್ಜಿ ಕೂತಿದ್ದರು. ನನ್ನ ಹೆಂಡತಿ ಅವರ ಎರಡೂ ಕಾಲು ಸವರಿ ನೋಡುತ್ತಿದ್ದಳು.

"ಅಜ್ಜಿ, ರಸ್ತೇಲಿ ಯಾಕಮ್ಮಾ ಕೂತಿದೀಯ? ಈ ಮಂಜಲ್ಲಿ! ಹೋಗೇಬಿಡ್ತಿದ್ಯಲ್ಲ!"

"ಇನ್ನೇನ್ ಮಾಡ್ಲಿ ಚೆಪ್ಪಮ್ಮಾ?" ಎಂದರು ಅಜ್ಜಿ. ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. "ಕೋಳಿ ಕೂಗೋ ಹೊತ್ತಿಗೆ ಬಂದು ನೋಡಿದ್ರೆ ಒಂದು ಕಲ್ಲೂ ಇಲ್ಲ. ಯಾವನೋ ದೊಂಗ ನನ್ಮಗ ಎತ್ತಾಕವ್ನೆ. ಕಲ್ಲು ತೆಗೆದು, ಟೆಂಪೋ ತಂದು ರಾಶಿಗೆ ಒರಗಿಸಿ ತುಂಬ್ಕೊಂಡು ಹೋಗೋಕೆ. ಇಲ್ಲ ಹಾಲಿನ ಗಾಡಿಯೋನು ಹತ್ತಿಸ್ತಾನೆ. ಕಲ್ಲಿಲ್ದಿದ್ರೆ ನಾನೇ ಕೂತ್ಕೋಬೇಕಲ್ವಾ ಕಲ್ಲು ಇದ್ದಂಗೆ? ಭಯ ಆಗ್ತದೆ ಕಣಮ್ಮ ಒಬ್ಬಳಿಗೆ. ಆದ್ರೂ ಕೂತಿವ್ನಿ."

ಈಗಲೂ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಳ್ಳನ ಲೆಕ್ಕಕ್ಕೆ ಹೋಗುತ್ತಿತ್ತು. ಆದರೆ ಅಜ್ಜಿ ಕಂಬಳಿಯೊಳಗಿನಿಂದ ಕೈ ತೆಗೆದು ನನ್ನ ಕಡೆ ತೋರಿಸಿ, "ನೋಡಮ್ಮ, ಮೇಷ್ಟ್ರ ಕಲ್ಲೂ ಬಿಟ್ಟಿಲ್ಲ ಪಾಪ, ಎಲ್ಲಾ ಎತ್ತವ್ನೆ," ಎಂದುಬಿಟ್ಟರು.

ಹೆಂಡತಿ ನಿಧಾನವಾಗಿ ತಿರುಗಿದಳು. "ಮೇಷ್ಟ್ರ ಕಲ್ಲಾ?"

"ಅದು ನಮ್ಮದೇ ಕಣೇ," ಎಂದೆ. "ಶನಿವಾರ ನೀನು ಹೊಡೆದದ್ದು ನಾನಿಟ್ಟ ಕಲ್ಲಿಗೇ. ಮಳೆ ಬರುತ್ತೇನೋ ಅಂತ ಹೆದರಿ ರೋಡಿಗೆ ಹಾಕಿಸಿಬಿಟ್ಟೆ. ನಿನ್ನೆ ಸಂಜೆ ಕಲ್ಲೆಲ್ಲಾ ತೆಗೆದು ಕಾಲುವೆಗೆ ಹಾಕಿದ್ದೂ ನಾನೇ. ಅಜ್ಜಿದೂ ಸೇರಿಸಿ. ಕಳ್ಳ ಯಾರೂ ಬಂದಿಲ್ಲ ಅಜ್ಜಿ."

ಅಜ್ಜಿ ಕಂಬಳಿಯನ್ನು ಮೈಗೆ ಬಿಗಿಯಾಗಿ ಎಳೆದುಕೊಂಡು ಕಾಲುವೆಯ ಕಡೆ ನೋಡಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಹೆಂಡತಿ ಎದ್ದು ನಿಂತು ಕಾರಿನ ಮುಂಭಾಗವನ್ನು, ಆ ಎರಡು ಹಳದಿ ದೀಪಗಳನ್ನು, ಅಜ್ಜಿಯ ಕಾಲನ್ನು ನೋಡಿದಳು.

"ಇಡೀ ಭಾನುವಾರ ಕೂತು ಲೈಟು ಬಿಚ್ಚಿ ಹಾಕಿದ್ರಲ್ಲಾ ರೀ," ಎಂದಳು. "ನನ್ನ ಹತ್ರ ಒಂದು ಮಾತು ಹೇಳೋಕೆ ಅಷ್ಟು ಹೊತ್ತು ಬೇಕಿತ್ತಾ?"

ಜೋರಾಗಿ ಹೇಳಲಿಲ್ಲ. ಅವಳು ಜೋರಾಗಿ ಹೇಳದಿದ್ದಾಗ ನನಗೆ ಹೆಚ್ಚು ಭಯವಾಗುತ್ತದೆ. ಡ್ಯೂಟಿಗೆ ಹೊತ್ತಾಗುತ್ತಿತ್ತು. ಅಜ್ಜಿಯನ್ನು ಹಿಡಿದೆಬ್ಬಿಸಿ ರಾಶಿಯ ಆಚೆ ಮಗ್ಗುಲಿಗೆ, ಹೊಲದ ಕಡೆ ಕೂರಿಸಿ, ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಟ್ಟಳು. ಆಮೇಲೆ ಕಾರಿನಲ್ಲಿ ಕೂತು, ನನಗಾಗಿ ಒಂದು ನಿಮಿಷ ಕಾದು ಹೊರಟಳು. ನಾನು ಹತ್ತಲಿಲ್ಲ.

ಕಾಲುವೆಗೆ ಇಳಿದು ಕಲ್ಲು ತರೋಣವೆಂದರೆ ಅಷ್ಟರೊಳಗೆ ಹಾಲಿನ ಗಾಡಿ ಬಂದರೆ ಎಂಬ ಭಯ. "ಅಜ್ಜಿ, ನೀವು ಅಲ್ಲೇ ಇರಿ, ಈ ಕಡೆ ಬರಬೇಡಿ," ಎಂದು ಹೇಳಿ, ಅವರು ಕೂತಿದ್ದ ಜಾಗದಿಂದ ಊರಿನ ಕಡೆಗೆ ನಾಲ್ಕು ಹೆಜ್ಜೆ ಹೋಗಿ ರಸ್ತೆಯಲ್ಲಿ ನಿಂತೆ. ಫೋನಿನ ಟಾರ್ಚ್ ಹಾಕಿ ಕೈ ಮೇಲೆತ್ತಿ ಹಿಡಿದೆ. ಆ ಬೆಳಕಿಗೆ ನನ್ನ ಕೈ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಊರಿನ ಕಡೆಯಿಂದ ಗಾಡಿಯ ಸದ್ದು ಬಂತು. ಕ್ಯಾನುಗಳು ಒಂದಕ್ಕೊಂದು ಬಡಿಯುವ ಸದ್ದು. ಅದು ಎಷ್ಟು ದೂರದಲ್ಲಿದೆಯೆಂದು ತಿಳಿಯುವ ದಾರಿಯೇ ಇರಲಿಲ್ಲ, ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಪಕ್ಕಕ್ಕೆ ಹಾರು ಎಂದು ಮೈಯೆಲ್ಲ ಹೇಳುತ್ತಿತ್ತು. ಹಿಂದಿನಿಂದ ಅಜ್ಜಿ "ಮೇಷ್ಟ್ರೇ, ಇತ್ಲಾಗೆ ಬಾರಪ್ಪಾ" ಎಂದು ಕೂಗಿದರು. ನಾನು ಟಾರ್ಚನ್ನು ಇನ್ನಷ್ಟು ಎತ್ತಿ ಆಡಿಸುತ್ತಾ, ಇದ್ದಬದ್ದ ದನಿ ತೆಗೆದು ಹೋ ಎಂದು ಕೂಗಿದೆ.

ಗಾಡಿ ನನ್ನ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ, "ಸಾಯಕ್ಕೆ ನನ್ ಗಾಡೀನೇ ಬೇಕಾಗಿತ್ತಾ ನಿಂಗೆ?" ಎಂದು ಬೈದ.

"ಇಲ್ಲಿ ಅಜ್ಜಿ ರಾಶಿ ಇದೆಯಪ್ಪಾ," ಎಂದೆ. "ಅಜ್ಜಿನೂ ಇದಾರೆ. ಬಲಗಡೆ ಹೋಗು, ನಿಧಾನಕ್ಕೆ."

ಅವನು ಗೊಣಗುತ್ತಾ ಬಲಕ್ಕೆ ತಿರುಗಿಸಿಕೊಂಡು ಹೋದ. ಅವನ ಹಿಂದೆ ಇನ್ನೊಂದು ಗಾಡಿಯ ಸದ್ದು ಕೇಳಿಸುತ್ತಿತ್ತು. ನಾನು ಕೈ ಬದಲಿಸಿ ಮತ್ತೆ ಟಾರ್ಚ್ ಎತ್ತಿದೆ.